ಮೊದಲ ಪಾಲು

ಹನುಮಂತನಪಟ್ಟಿ,
19-3-1967, ಭಾನುವಾರ

ಪ್ರೀತಿಯ ಪಿಚ್ಚೈಯಕ್ಕನಿಗೆ,

ನಿನ್ನ ತಂಗಿ ಕಮಲ ಇಲ್ಲಿಂದಲೇ ಕಾಲು ಮುಟ್ಟುತ್ತೇನೆ. ಭಾವ ಹೇಗಿದ್ದಾರೆ, ಮಕ್ಕಳು ಹೇಗಿದ್ದಾರೆ, ನಿನ್ನ ಮೊಣಕಾಲು ನೋವು ಹೇಗಿದೆ? ನೋವನ್ನೂ ಮಕ್ಕಳ ಜೊತೆ ಸೇರಿಸಿ ಕೇಳಿದೆ ಅಂತ ನಗಬೇಡ. ಇಷ್ಟು ವರ್ಷದಿಂದ ನಿಮ್ಮ ಮನೆಯಲ್ಲೇ ಉಂಡು ಬೆಳೆದಿದೆ, ಬಿಟ್ಟು ಕೇಳಿದರೆ ಕೋಪ ಮಾಡಿಕೊಂಡೀತು.

ಪೊಂಗಲ್‌ಗೆ ನೀನು ಪಳನಿಯಿಂದ ಕಳಿಸಿದ ಪಂಚಾಮೃತದ ಡಬ್ಬಿ ಬಂದು ಸೇರಿತು. ಸೇರಿತು ಅಂತ ಒಂದು ಸಾಲು ಬರೆಯಲಿಲ್ಲ, ಬೈಯುವುದಿದ್ದರೆ ಬೈದುಬಿಡು. ಕಾಗದ ತೆಗೆದಿಡುತ್ತೇನೆ, ಪೆನ್ನು ಹಿಡಿಯುತ್ತೇನೆ, ಹಾಗೇ ಕೂತುಬಿಡುತ್ತೇನೆ. ಹೀಗೇ ಎರಡು ತಿಂಗಳು ಹೋಯಿತು. ಅಕ್ಷರ ಕೋಳಿ ಕೆದರಿದ ಹಾಗಿದೆ ಅಂತ ನೀನು ಹೇಳುವುದು ಇಲ್ಲಿಗೇ ಕೇಳಿಸುತ್ತಿದೆ. ಪೆನ್ನಿನ ನಿಬ್ಬು ಸೊಟ್ಟಗಾಗಿದೆ ಅಂತ ಇಟ್ಟುಕೋ.

ಅಪ್ಪ ಕೊಳ್ಳೇಗಾಲದ ದನದ ಸಂತೆಯಿಂದ ಕನ್ನಡ ಅಕ್ಷರದ ಪುಸ್ತಕ ತಂದು, ಅದರ ಮುಂದೆ ನಮ್ಮಿಬ್ಬರನ್ನೂ ಕೂರಿಸಿದಾಗ ನಮ್ಮೂರು ತೇವಾರಂನವರೆಲ್ಲ ನಕ್ಕಿದ್ದರಲ್ಲ, ಹೆಣ್ಣುಮಕ್ಕಳಿಗೆ ಯಾವ ದೇಶದ ಅಕ್ಷರವೋ ಅಂತ? ಇವತ್ತು ಅಪ್ಪನನ್ನು ನೆನೆದುಕೊಂಡೆ. ಈ ಊರಲ್ಲಿ ಎಲ್ಲರೂ ನಮ್ಮ ಮಾತೇ ಆಡುತ್ತಾರೆ, ಬರೆಯುವುದು ಓದುವುದು ಮಾತ್ರ ತಮಿಳು. ಈ ಕಾಗದವನ್ನು ಬೀದಿಯಲ್ಲಿ ಹರಡಿಟ್ಟರೂ ಓದುವವರು ಯಾರೂ ಇಲ್ಲ. ಅದೊಂದು ಧೈರ್ಯದ ಮೇಲೆ ಬರೆಯುತ್ತಿದ್ದೇನೆ.

ಊರ ಸುದ್ದಿ ಹೇಳಬೇಕೆಂದರೆ, ವೋಟು ಮುಗಿಯಿತು. ನಮ್ಮತ್ತೆ ನಾಗಮ್ಮಾಳ್ ಎರಡು ಕಡೆಯವರಿಗೂ ತಲೆ ಆಡಿಸಿ, ಇಬ್ಬರ ಕೈಯಿಂದಲೂ ವೀಳ್ಯದೆಲೆ ತೆಗೆದುಕೊಂಡು, ಯಾರಿಗೆ ಹಾಕಿದೆ ಅಂತ ಇನ್ನೂ ಬಾಯಿ ಬಿಟ್ಟಿಲ್ಲ. ಸರ್ಕಾರ ಬದಲಾಯಿತು. ಅಕ್ಕಿ ಸಿಗುವುದು ಇನ್ನೂ ಕಷ್ಟವೇ. ದ್ರಾಕ್ಷಿ ಚಪ್ಪರ ಈ ಸಲ ಚೆನ್ನಾಗಿ ಹಬ್ಬಿದೆ. ವಳ್ಳಿ ನಾಲ್ಕನೇ ಕ್ಲಾಸು, ಬಣ್ಣ ಅವರಪ್ಪನದು, ಬಾಯಿ ನನ್ನದು.

ನೀನು ಕೇಳುವುದು ಇದನ್ನೆಲ್ಲ ಅಲ್ಲ ಅಂತ ಗೊತ್ತು. ಇವರು ಹೇಗಿದ್ದಾರೆ ಅಂತ ಕೇಳುತ್ತೀಯ. ಪೊನ್ನುಸಾಮಿ. ಗಂಡನ ಹೆಸರು ಬಾಯಲ್ಲಿ ಹೇಳಬಾರದು, ಬರೆದರೆ ದೋಷವಿಲ್ಲ ಅಂತ ನಾನೇ ತೀರ್ಪು ಕೊಟ್ಟುಕೊಂಡಿದ್ದೇನೆ. ಅವರು ಮತ್ತೆ ಮೊದಲಿನ ಮನುಷ್ಯ ಆಗಬೇಕು ಅಕ್ಕ, ನನಗೆ ಬೇರೆ ಏನೂ ಬೇಡ. ಎದುರಿಗೆ ಕೂತಿರುತ್ತಾರೆ, ಆದರೂ ಎಲ್ಲಿ ಹೋದರು ಅಂತ ಹುಡುಕುತ್ತಿರುತ್ತೇನೆ.

ಶುರುವಾದದ್ದು ದಿಂಡಿಗಲ್ ಮಿಲ್ಲಿನಲ್ಲಿ, ಅಷ್ಟು ನಿನಗೆ ಗೊತ್ತು. ನೂಲು ತೆಗೆಯುವ ಮಿಷನ್ನಿನ ಸದ್ದಿನೊಳಗೆ ಅವರಿಗೆ ದನದ ಕೊರಳ ಗಂಟೆ ಕೇಳಿಸತೊಡಗಿತು. ಆಮೇಲೆ ಯಾವತ್ತೋ ತೀರಿಹೋದ ಅವರಪ್ಪ ಹಿಂಡನ್ನು ಕರೆಯುವುದು ಕೇಳಿಸಿತು. ಒಂದು ದಿನ ಕೆಲಸ ಬಿಟ್ಟು ಗೇಟಿಗೆ ಬಂದು, "ಹಿಂಡು ಬರ್ತಾ ಐತೆ, ತೆಗಿಯಪ್ಪಾ ಗೇಟು" ಅಂತ ವಾಚ್‌ಮನ್ ಜೊತೆ ಜಗಳಕ್ಕೆ ನಿಂತರು. ಮಿಲ್ಲಿನವರು ಸರ್ಕಾರದ ಇನ್ಷೂರೆನ್ಸ್ ಕಾರ್ಡು ಕೈಗೆ ಕೊಟ್ಟು ದವಾಖಾನೆಗೆ ಕಳಿಸಿದರು.

ಮೊದಲು ನೋಡಿದ ಡಾಕ್ಟರು ಒಂದು ಬಿಳಿ ಮಾತ್ರೆ ಬರೆದರು. ಸುಳ್ಳು ಹೇಳಬಾರದು, ಅದರಿಂದ ಗುಣ ಕಂಡಿತು. ಗಂಟೆ ದೂರ ಹೋಯಿತು ಅಂದರು. ಉಂಡರು, ಮಲಗಿದರು, ಒಂದು ಬೆಳಿಗ್ಗೆ ನನ್ನನ್ನು "ಏನ್ ಮಾರಾಣಿ, ಕಾಪಿ ಇಲ್ವಾ?" ಅಂತ ಹಳೆಯ ಹಾಗೇ ಕೆಣಕಿದರು. ಅಷ್ಟಕ್ಕೇ ನಿಂತಿದ್ದರೆ ಆ ದವಾಖಾನೆಯ ಬಾಗಿಲಿಗೆ ಆರತಿ ಎತ್ತುತ್ತಿದ್ದೆ. ಆದರೆ ಆ ಡಾಕ್ಟರಿಗೆ ವರ್ಗವಾಯಿತು. ಎರಡನೆಯವರು ಬಂದು, ಗಂಟೆ ಪೂರ್ತಿ ನಿಂತಿಲ್ಲವೆ ಅಂತ ಕೇಳಿ ನೀಲಿಯದೊಂದು ಸೇರಿಸಿದರು. ಮೂರನೆಯವರು ಹಳದಿಯದು ಸೇರಿಸಿದರು. ಕೈ ನಡುಗುತ್ತದೆ ಅಂದಾಗ ನಡುಕಕ್ಕೆ ಅಂತ ಒಂದು ಪುಟ್ಟದು ಬಂತು. ಹೀಗೆ ಬಂದವರೆಲ್ಲ ಸೇರಿಸಿದರು, ಒಬ್ಬರಾದರೂ ತೆಗೆಯಲಿಲ್ಲ.

ಒಂದನ್ನಾದರೂ ಕಡಿಮೆ ಮಾಡಿ ಸಾಮಿ ಅಂತ ಕೈ ಮುಗಿದೆ. ಈಗಿರುವ ಡಾಕ್ಟರು ಕೆಟ್ಟವರಲ್ಲ, ಮುಖದಲ್ಲಿ ನಿದ್ದೆ ತುಂಬಿಕೊಂಡಿರುವ ಮನುಷ್ಯ. ತಮಿಳಿನಲ್ಲಿ ಮೆತ್ತಗೆ ಹೇಳಿದರು: "ಬಿಳಿಯದು ನಾನು ಬರೆದದ್ದಲ್ಲಮ್ಮ, ನೀಲಿಯದೂ ಅಲ್ಲ. ನಾನು ನಿಲ್ಲಿಸಿ, ನಾಳೆ ಇವನು ಮಿಷನ್ನಿಗೆ ಕೈ ಕೊಟ್ಟರೆ ಜವಾಬು ಯಾರು? ಕಾರ್ಡಿದೆಯಲ್ಲ, ನಿಮ್ಮ ಕೈಯಿಂದ ಏನು ಹೋಗುತ್ತದೆ?" ಮಾತ್ರೆ ಬಿಟ್ಟರೆ ಸರ್ಟಿಫಿಕೇಟಿಲ್ಲ, ಸರ್ಟಿಫಿಕೇಟಿಲ್ಲದೆ ಕೆಲಸವಿಲ್ಲ. ಮ್ಯಾನೇಜರ ಭಾವಮೈದನಿಗೂ ಇದೇ ಕಾಯಿಲೆಯಂತೆ. ಅವನು ಮದುರೈಯಲ್ಲಿ ಫೀಸು ಕೊಟ್ಟು ದೊಡ್ಡ ಡಾಕ್ಟರಿಗೆ ತೋರಿಸುತ್ತಾನೆ, ಅವನಿಗೆ ಬಿಳಿಯದು ಒಂದೇ. ಈಗ ಸ್ಕೂಟರ್ ಬಿಡುತ್ತಾನೆ.

ಇವರು ಕೆಲಸಕ್ಕೆ ಆಗದೆ, ದೀಪಾವಳಿಯ ಐಪ್ಪಸಿ ತಿಂಗಳಲ್ಲಿ ನಾವು ಊರಿಗೆ ಬಂದೆವು. ಜಗಲಿಯಲ್ಲಿ ಕೂರಿಸಿದರೆ ಕೂತರು, ಎಬ್ಬಿಸಿದರೆ ಎದ್ದರು. ಕಾಲು ಎತ್ತದೆ ತೇಯುತ್ತಾ ನಡೆಯುತ್ತಾರೆ. ಮಾತಿಲ್ಲ. ಬಾಯಲ್ಲಿ ಏನೂ ಇರುವುದಿಲ್ಲ, ಆದರೂ ದವಡೆ ಅಗಿಯುತ್ತಲೇ ಇರುತ್ತದೆ, ಒಂದು ಪಕ್ಕಕ್ಕೆ, ಮತ್ತೊಂದು ಪಕ್ಕಕ್ಕೆ. ವಳ್ಳಿ ಒಂದು ದಿನ ಎದುರಿಗೆ ಕುಕ್ಕರಿಸಿ ನೋಡಿ, "ಅಮ್ಮಾ, ಅಪ್ಪ ಮೆಲುಕ್ ಹಾಕ್ತಾ ಅವ್ರೆ" ಅಂದಳು. ನಾನು ಅವಳ ಬೆನ್ನಿಗೆ ಒಂದು ಕೊಟ್ಟೆ, ಆಮೇಲೆ ಹಿತ್ತಲಿಗೆ ಹೋಗಿ ಅತ್ತುಬಿಟ್ಟೆ.

ಸೋಮವಾರ, ಮಧ್ಯಾಹ್ನ

ನಿನ್ನೆ ಅಲ್ಲಿಗೇ ನಿಂತಿತು. ಕೂತಲ್ಲೇ ಕಣ್ಣು ಮುಚ್ಚಿಕೊಂಡಿತು, ಎದ್ದು ನೋಡಿದರೆ ಪೆನ್ನು ಮಡಿಲಲ್ಲಿ. ಮೇಲೆ ದುಂಡಗೆ ಕಲೆಯಾಗಿರುವುದು ನೀರಿನ ಚೊಂಬು. ಬಿಸಿಲಿಗೋ ಏನೋ ಬಾಯಿ ಒಣಗುತ್ತಲೇ ಇರುತ್ತದೆ, ಪಕ್ಕದಲ್ಲೇ ಇಟ್ಟುಕೊಂಡಿದ್ದೇನೆ.

ಈಗ ಹೇಳುವುದನ್ನು ನಿಧಾನವಾಗಿ ಓದು. ನಮ್ಮ ತೇವಾರಂನಲ್ಲಿ ಈ ಪದ್ಧತಿ ಇಲ್ಲ, ಆದ್ದರಿಂದ ಬಿಡಿಸಿ ಬರೆಯುತ್ತೇನೆ. ಇವರ ಕುಲದವರಿಗೆ ಒಂದು ಹಿಂಡಿದೆ, ದೇವರ ಆವು ಅನ್ನುತ್ತಾರೆ. ಹಿಂದೆ ಹಿರಿಯರು ಕನ್ನಡ ಸೀಮೆ ಬಿಟ್ಟು ಹೊರಟಾಗ ಹಿಂಡೇ ಮುಂದೆ ನಡೆಯಿತಂತೆ, ಅದು ಮಲಗಿದ ಕಡೆ ಇವರು ಊರು ಕಟ್ಟಿದರಂತೆ. ಆ ಹಸುಗಳ ಹಾಲು ಕರೆಯುವುದಿಲ್ಲ, ಹೋರಿಗಳಿಗೆ ನೊಗ ಹೂಡುವುದಿಲ್ಲ, ಸತ್ತರೆ ಮನುಷ್ಯರನ್ನು ಹೂಳಿದ ಹಾಗೆ ಹೂಳುತ್ತಾರೆ. ಮನೆಗೆ ಹೊಸದಾಗಿ ಏನು ಬಂದರೂ ಮೊದಲ ಪಾಲು ಹಿಂಡಿಗೆ. ಹೊಸ ಅಕ್ಕಿ, ಮೊದಲ ದ್ರಾಕ್ಷಿ ಗೊಂಚಲು, ನಿನ್ನ ಪಂಚಾಮೃತ, ಎಲ್ಲವೂ.

ಹಿಂಡಿಗೆ ರಾಜನ ಹಾಗೆ ಒಂದು ಪಟ್ಟದ ಗೂಳಿ ಇರುತ್ತದೆ. ಅದು ಸತ್ತರೆ, ಮುಂದಿನ ದನಗಳ ಹಬ್ಬ ಮಾಟ್ಟುಪೊಂಗಲ್ ದಿನ ಹಿಂಡಿನ ಮುಂದೆ ಕಬ್ಬಿನ ಕಟ್ಟು ಇಟ್ಟು ಕೂಗಿ ಕರೆಯಬೇಕು. ಕಬ್ಬಿಗೆ ಮೊದಲು ಬಾಯಿ ಹಾಕಿದ ಹೋರಿಗೆ ಅರಿಶಿನ ಬಳಿದು ಪಟ್ಟ ಕಟ್ಟುತ್ತಾರೆ. ಕೂಗುವ ಹಕ್ಕು ಇವರ ಮನೆಯ ಹಿರಿಮಗನದು. ಮದುವೆಯಾದ ಹೊಸದರಲ್ಲಿ ಇವರ ಕೂಗು ಒಂದು ಸಲ ಕೇಳಿದ್ದೆ. ಬೆಟ್ಟದ ಬುಡದಲ್ಲಿ ಮೇಯುತ್ತಿದ್ದ ಹಿಂಡು ಹಾಗೇ ತಲೆ ಎತ್ತಿ ಇಳಿದು ಬಂತು. ಆವತ್ತೇ ಇವರ ಮೇಲೆ ನನಗೆ ಮನಸ್ಸಾದದ್ದು, ಮದುವೆಯ ದಿನ ಅಲ್ಲ.

ಹಳೆಯ ಗೂಳಿ ಕಾರ್ತಿಕದಲ್ಲಿ ಸತ್ತಿತು. ನನಗೆ ಒಂದು ಆಸೆ ಹುಟ್ಟಿತು. ಪೊಂಗಲ್ ದಿನ ಕಬ್ಬು ಇಟ್ಟು ಇವರನ್ನು ಹಿಂಡಿನ ಮುಂದೆ ನಿಲ್ಲಿಸಿದರೆ ಆ ಕೂಗಾದರೂ ಹೊರಗೆ ಬಂದೀತು, ಅದರ ಹಿಂದೆ ಇವರೂ ಬಂದಾರು ಅಂತ.

ಊರಿಗೆಲ್ಲ ಕಣ್ಣಿದ್ದದ್ದು ಒಂದು ಬೂದು ಬಣ್ಣದ ಹೋರಿಯ ಮೇಲೆ. ಬೇಲಿ ಹಾರುವುದು, ಹೆಂಗಸರ ಬುಟ್ಟಿಗೆ ಮೂತಿ ಹಾಕಿ ಓಡುವುದು, ಅದರ ಪುಂಡಾಟ ಹೇಳಿ ಮುಗಿಯದು. ಪಟ್ಟ ಇದಕ್ಕೇ ಅಂತ ಎಲ್ಲರೂ ಅಂದುಕೊಂಡಿದ್ದರು. ಮಾರ್ಗಳಿ ಚಳಿಯ ಹೊತ್ತಿಗೆ ಅದು ಮಂಕಾಯಿತು. ದೊಡ್ಡಿಯ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ನಿಂತಿರುತ್ತಿತ್ತು. ಕಾಲು ಎತ್ತದೆ ತೇಯುತ್ತಾ ನಡೆಯಿತು. ಬಾಯಿಂದ ಜೊಲ್ಲು. ನೊಣ ಕೂತರೆ ಬಾಲ ಸಹ ಬೀಸುತ್ತಿರಲಿಲ್ಲ. ಮೆಲುಕು ಹಾಕುವುದನ್ನು ನಿಲ್ಲಿಸಿಬಿಟ್ಟಿತು ಅಕ್ಕ. ಮನೆಯಲ್ಲಿ ಇವರು ಹಾಕುತ್ತಿದ್ದರು, ದೊಡ್ಡಿಯಲ್ಲಿ ಅದು ಹಾಕುತ್ತಿರಲಿಲ್ಲ.

ಒಂದು ಬೆಳಿಗ್ಗೆ ಹುಲ್ಲು ಹಾಕಲು ಹೋದಾಗ ಅತ್ತೆ ಅದರ ಬಾಯಿಗೆ ಬೆಲ್ಲದ ಉಂಡೆ ಇಡುತ್ತಿರುವುದು ಕಂಡೆ. ಉಂಡೆಯಲ್ಲಿ ನೀಲಿ, ಹಳದಿ ಚೂರು.

"ಏನತ್ತೆ ಇದು?"

"ಮೊದ್ಲ ಪಾಲು. ಇನ್ನೇನು?" ಅಂದರು, ಬಹಳ ಸಹಜವಾಗಿ. "ಪೊಟ್ಟಣ ಬಂದ ದಿನದಿಂದ ಕೊಡ್ತಾ ಇವ್ನಿ."

"ಅಯ್ಯೋ, ಅದು ಮದ್ದು ಅತ್ತೆ!"

"ಮದ್ದಾದ್ರೆ ಏನ್ ಬ್ಯಾರೆಯಾ? ಮನೆಗೆ ಬಂದಿದ್ದು ತಾನೆ? ಅವುಕ್ಕೆ ಕೊಡ್ದೆ ನನ್ ಮಗ ತಿಂದ್ರೆ ಮೈಗೆ ಹ್ಯಾಂಗೆ ಹತ್ತುತ್ತೆ? ದಿಂಡಿಗಲ್ಲಲ್ಲಿ ನೀವಿಬ್ರೇ ಇದ್ರಿ, ಪಾಲ್ ಎತ್ತಿಡ್ಲಿಲ್ಲ. ಅದ್ಕೇ ಅವ್ನು ಹಿಂಗಾಗಿದ್ದು."

ಕೋಪ ಬಂತು. ಆದರೆ ಅವರ ಕಣ್ಣಲ್ಲಿ ನೀರಿತ್ತು. ಮಗ ಗುಣವಾಗಲಿ ಅಂತ ತಾಯಿ ತನಗೆ ಗೊತ್ತಿರುವುದನ್ನು ಮಾಡಿದ್ದಾರೆ. ಆವತ್ತಿನಿಂದ ಮಾತ್ರೆಯನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದೆ. ಹೋರಿ ಮಾತ್ರ ಹಾಗೇ ಉಳಿಯಿತು.

ಮಾಟ್ಟುಪೊಂಗಲ್ ಬಂತು. ದೊಡ್ಡಿಯ ಮುಂದಿನ ಬಯಲಿನಲ್ಲಿ ಕುಲದವರೆಲ್ಲ ಸೇರಿದರು. ಕುಲದ ಯಜಮಾನ ಮೂಕಯ್ಯ ಮಾಮ ಕರ್ಪೂರ ಹಚ್ಚಿದರು. ಇವರಿಗೆ ನಾನೇ ತಲೆಗೆ ನೀರು ಹಾಕಿ, ಹೊಸ ವೇಷ್ಟಿ ಉಡಿಸಿ, ಕೈ ಹಿಡಿದು ಕರೆದುಕೊಂಡು ಹೋಗಿ ಕಬ್ಬಿನ ಕಟ್ಟಿನ ಪಕ್ಕ ನಿಲ್ಲಿಸಿದೆ. ದೊಡ್ಡಿಯ ಬಾಗಿಲು ತೆಗೆದರು. ಹಿಂಡು ಹೊರಗೆ ಬಂದು ಸಾಲಾಗಿ ನಿಂತಿತು.

"ಕೂಗಪ್ಪಾ ಪೊನ್ನು," ಅಂದರು ಮಾಮ.

ಇವರು ಬಾಯಿ ತೆರೆದರು. ಕೊರಳ ನರ ಉಬ್ಬಿತು. ಸದ್ದು ಬರಲಿಲ್ಲ. ಮುಚ್ಚಿದರು, ಮತ್ತೆ ತೆರೆದರು, ಸದ್ದಿಲ್ಲ. ನನಗೆ ಭಯವಾದದ್ದು ಅದಕ್ಕಲ್ಲ. ಹಿಂಡಿನತ್ತ ನೋಡು ಅಂತ ವಳ್ಳಿ ನನ್ನ ಸೆರಗು ಜಗ್ಗಿದಳು. ಒಂದು ದನವೂ ಅಲುಗಾಡುತ್ತಿಲ್ಲ. ಕಬ್ಬು ಕಣ್ಣೆದುರಿಗಿದೆ, ಹಸಿದಿವೆ, ಮೂಗಿಗೆ ವಾಸನೆ ಹೊಡೆಯುತ್ತಿದೆ. ಆದರೂ ಕಿವಿ ಆಡಿಸುವುದಿಲ್ಲ, ಬಾಲ ಬೀಸುವುದಿಲ್ಲ, ಕೊರಳ ಗಂಟೆ ಒಂದೂ ಅಲ್ಲಾಡುವುದಿಲ್ಲ. ಮಾತ್ರೆ ತಿಂದದ್ದು ಒಂದೇ ಒಂದು ಹೋರಿ ಅಕ್ಕ. ಉಳಿದವಕ್ಕೆ ಏನಾಗಿತ್ತು? ಅಷ್ಟು ಜನ ಇದ್ದರೂ ಬಯಲಿನಲ್ಲಿ ಕರ್ಪೂರ ಉರಿಯುವ ಸದ್ದು ಕೇಳುತ್ತಿತ್ತು.

ಆಮೇಲೆ ಹಿಂಡಿನ ನಡುವಿನಿಂದ ಆ ಬೂದು ಹೋರಿ ಹೊರಟಿತು. ಕಾಲು ತೇಯುತ್ತಾ, ತೇಯುತ್ತಾ ಬಂತು. ಕಬ್ಬನ್ನು ಮೂಸಿಯೂ ನೋಡಲಿಲ್ಲ. ದಾಟಿ ಬಂದು ಇವರ ಮುಖಕ್ಕೆ ಮುಖ ಕೊಟ್ಟು ನಿಂತಿತು. ಇಬ್ಬರ ಬಾಯಿಂದಲೂ ಜೊಲ್ಲು ಇಳಿಯುತ್ತಿತ್ತು. ಇವರು ಬಹಳ ಹೊತ್ತು ಅದನ್ನೇ ನೋಡಿದರು. ನಡುಗುವ ಕೈಯನ್ನು ಅದರ ಹಣೆಯ ಮೇಲಿಟ್ಟರು. ಮೂರು ತಿಂಗಳ ಮೇಲೆ ಮೊದಲ ಸಲ ಬಾಯಿ ಬಿಟ್ಟು ಮಾತಾಡಿದರು.

"ನಿಂಗೂ ಕೊಟ್ರಾ?"

ಅಷ್ಟೇ. ಅತ್ತೆ ಅಲ್ಲೇ ನೆಲಕ್ಕೆ ಕುಸಿದರು. ಹೋರಿ ತಲೆ ತಗ್ಗಿಸಿತು, ಎತ್ತಿತು. ಅದು ಹೌದು ಅಂದದ್ದೋ, ನೊಣ ಓಡಿಸಿದ್ದೋ ನನಗೆ ತಿಳಿಯದು.

"ಕಬ್ ತಿನ್ಲಿಲ್ವಲ್ಲ ಮಾಮ, ಹ್ಯಾಂಗೆ?" ಅಂತ ಯಾರೋ ಕೇಳಿದರು. ಮೂಕಯ್ಯ ಮಾಮ ಅರಿಶಿನದ ಬಟ್ಟಲು ಎತ್ತಿಕೊಂಡು, "ಮಿಕ್ಕಿದ್ದು ಬರ್ಲೂ ಇಲ್ವಲ್ಲಪ್ಪಾ" ಅಂದರು. ಅದಕ್ಕೇ ಅರಿಶಿನ ಬಳಿದರು, ಹಾರ ಹಾಕಿದರು, ಪಟ್ಟ ಕಟ್ಟಿದರು. ಈಗ ದಿನಾ ಸಾಯಂಕಾಲ ಅದು ತಾನಾಗಿ ಬಂದು ನಮ್ಮ ಬಾಗಿಲ ಮುಂದೆ ನಿಲ್ಲುತ್ತದೆ. ಇವರು ಜಗಲಿಯಲ್ಲಿ, ಅದು ಬೀದಿಯಲ್ಲಿ. ದೀಪ ಹಚ್ಚುವ ತನಕ ಒಬ್ಬರನ್ನೊಬ್ಬರು ನೋಡುತ್ತಿರುತ್ತಾರೆ. ಬೀದಿಯವರು ಆ ಹೊತ್ತಿಗೆ ಬಾಗಿಲು ಹಾಕಿಕೊಳ್ಳುತ್ತಾರೆ.

ನನಗೆ ಮಾತ್ರ ಹೆದರಿಕೆಯ ಜೊತೆಗೆ ಆಸೆಯೂ ಬಂತು. ಮಾತಾಡಿದರಲ್ಲ! ಒಳಗೆ ಇದ್ದಾರೆ, ಎಲ್ಲ ಗೊತ್ತಾಗುತ್ತಿದೆ. ಆ ವಾರವೇ ಬಸ್ಸು ಹತ್ತಿಸಿಕೊಂಡು ದಿಂಡಿಗಲ್ಲಿಗೆ ಓಡಿದೆ. "ಡಾಕ್ಟರ್ ಸಾಮಿ, ಇವರು ಮಾತಾಡಿದರು, ಇನ್ನಾದರೂ ಕಡಿಮೆ ಮಾಡಿ" ಅಂದೆ.

ಡಾಕ್ಟರು ಬರೆಯುವುದನ್ನು ನಿಲ್ಲಿಸಿದರು. "ಯಾರ ಹತ್ತಿರ ಮಾತಾಡಿದ?"

"ಗೂಳಿಯ ಹತ್ತಿರ."

"ಗೂಳಿ ಏನಂತು?"

ನನ್ನ ಬಾಯಿ ನಿನಗೆ ಗೊತ್ತಲ್ಲ ಅಕ್ಕ. ಬಸ್ಸಿನಲ್ಲಿ ನಿಂತು ಬಂದ ದಣಿವು, ಅವರು ಕೇಳಿದ ರೀತಿಗೆ ಬಂದ ಸಿಟ್ಟು. "ಹೌದು ಸಾಮಿ, ನಂಗೂ ಕೊಟ್ಟರು ಅಂತ ತಲೆ ಆಡಿಸಿತು" ಅಂದೆ. ತಮಾಷೆಗೆ ಅಂದದ್ದು. ಅವರು ನಗಲಿಲ್ಲ. ನರ್ಸಮ್ಮನ ಕಡೆ ನೋಡಿದರು. ಮತ್ತೆ ಬರೆಯತೊಡಗಿದರು. ಇವರ ಮಾತ್ರೆಗೆ ಇನ್ನೂ ಒಂದು ಸೇರಿತು, ಗುಲಾಬಿ ಬಣ್ಣದ್ದು. ಆವತ್ತಿನಿಂದ ಇವರು ಮತ್ತೆ ಮಾತಾಡಿಲ್ಲ.

ಸಾಕು, ಇಷ್ಟು ಬರೆಯುವುದರೊಳಗೆ ಕೈ ಸೋತಿತು. ಭಾವನಿಗೆ ನಮಸ್ಕಾರ ಹೇಳು. ದೊಡ್ಡವನಿಗೆ ಒಳ್ಳೆ ಕಡೆ ಹೆಣ್ಣು ಸಿಗಲಿ, ಚಿಕ್ಕವಳ ಕೆಮ್ಮು ವಾಸಿಯಾಗಲಿ, ಉತ್ತಿರದ ಜಾತ್ರೆಗೆ ಕಾವಡಿ ಹೊತ್ತು ಬರುವವರಿಂದ ನಿಮ್ಮ ಅಂಗಡಿ ತುಂಬಲಿ. ಬೆಟ್ಟದ ಮೇಲಿನ ಸಾಮಿಗೆ ನನ್ನ ಹೆಸರು ಹೇಳಿ ಒಂದು ಕಾಯಿ ಒಡೆ. ನಿನ್ನ ಮೊಣಕಾಲಿಗೂ ನನ್ನ ಆಶೀರ್ವಾದ.

ನಿನ್ನ ತಂಗಿ,
ಕಮಲಮ್ಮಾಳ್

ಇನ್ನೊಂದು ಮಾತು: ನಿಬ್ಬು ಸೊಟ್ಟಗಾಗಿಲ್ಲ ಅಕ್ಕ. ಪೆನ್ನು ಚೆನ್ನಾಗಿಯೇ ಇದೆ. ಆವತ್ತು ಡಾಕ್ಟರು ಎರಡು ಚೀಟಿ ಬರೆದರು, ಎರಡನೆಯದರ ಮೇಲೆ ನನ್ನ ಹೆಸರು. ಕಾರ್ಡು ಮನೆಯವರಿಗೂ ನಡೆಯುತ್ತದಂತೆ. ನರ್ಸಮ್ಮ ನೀರು ಹಿಡಿದು ನಿಂತರು, ನುಂಗಿದ ಮೇಲೆ ನಾಲಿಗೆ ಎತ್ತಿಸಿ ನೋಡಿದರು. ನಾನು ಬಿಟ್ಟರೆ ಇವರ ಸರ್ಟಿಫಿಕೇಟಿಗೂ ತೊಂದರೆ ಅಂತ ಹೇಳಿ ಕಳಿಸಿದರು. ಈಗ ಅತ್ತೆ ಬೆಳಿಗ್ಗೆ ನನ್ನ ದವಡೆಯನ್ನೇ ನೋಡುತ್ತಾರೆ.

ಡಾಕ್ಟರಿಗೆ ಹೇಳದೇ ಇದ್ದದ್ದು ಒಂದಿದೆ, ಮೇಲೆ ನಿನಗೂ ಬರೆಯಲಿಲ್ಲ. ಇವರು ಬಾಯಿ ತೆರೆದು ಸದ್ದು ಬಾರದೆ ನಿಂತಾಗ ನನಗೆ ಕೂಗು ಕೇಳಿಸಿತು. ಇವರದೇ ಕೂಗು, ಮದುವೆಯ ಹೊಸದರಲ್ಲಿ ಕೇಳಿದ್ದೇ. ಹಿಂಡಿನ ನಡುವಿನಿಂದ ಬಂತು. ಬೇರೆ ಯಾರ ಮುಖದಲ್ಲೂ ಅದು ಕಾಣಲಿಲ್ಲ, ನನ್ನ ಭ್ರಮೆ ಅಂದುಕೊಂಡೆ. ಹೋದ ವಾರ ವಳ್ಳಿ ಜಡೆ ಹಾಕಿಸಿಕೊಳ್ಳುತ್ತಾ ಕೇಳಿದಳು, "ಅಮ್ಮಾ, ಆವತ್ತು ಅಪ್ಪ ದನಗಳ ಒಳಗಿಂದ ಕೂಗುದ್ರಲ್ಲ, ಈಗ್ಯಾಕೆ ಕೂಗಲ್ಲ?" ನನ್ನ ಹತ್ತಿರ ಹೇಳಿದ್ದಕ್ಕೆ ಚಿಂತೆಯಿಲ್ಲ. ಮಾತ್ರೆ ತರಲು ಅವಳನ್ನೂ ಕರೆದುಕೊಂಡು ಹೋದಾಗ ನರ್ಸಮ್ಮ ಪೆಪ್ಪರ್‌ಮೆಂಟು ಕೊಟ್ಟು ಮಾತಾಡಿಸಿದರು, ಅವರ ಹತ್ತಿರವೂ ಹೇಳಿದ್ದಾಳೆ. ಮುಂದಿನ ಸಲ ಮಗುವನ್ನು ಡಾಕ್ಟರ ಮುಂದೆ ಕರೆದುಕೊಂಡು ಬಾ ಅಂದಿದ್ದಾರೆ.

ಈ ಕಾಗದ ಕಂಡ ಕೂಡಲೆ ಅತ್ತೆಯ ಹೆಸರಿಗೆ ತಮಿಳಿನಲ್ಲಿ ಒಂದು ಪೋಸ್ಟ್ ಕಾರ್ಡು ಹಾಕು. ಉತ್ತಿರಕ್ಕೆ ವಳ್ಳಿಯನ್ನು ಕರೆದುಕೊಂಡು ಹೋಗಲು ಬರುತ್ತಿದ್ದೇನೆ ಅಂತ ಬರೆ, ಹಿಂದೆಯೇ ನೀನು ಬಾ. ಪರೀಕ್ಷೆ ಹೋದರೆ ಹೋಗಲಿ. ಕರೆದುಕೊಂಡು ಹೋಗು, ನಾನು ಕರೆದರೂ ಕಳಿಸಬೇಡ. ಇನ್ಷೂರೆನ್ಸ್ ಕಾರ್ಡಿನಲ್ಲಿ ಮೂರನೆಯ ಹೆಸರು ಅವಳದು.